ರೊಟ್ಟಿಚೂರಿನ ಕೋಸಂಬರಿ

ನನ್ನ ಬದುಕಿನ ಸಾಹಸಗಳೆಲ್ಲ ಊಟವಾದ ಮೇಲೆ, ಕಣ್ಣು ಮುಚ್ಚಿಕೊಂಡು ಮಾಡಿದವು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಟ್ಟೆ ತುಂಬಿದರೆ ಎಲ್ಲರಿಗೂ ನಿದ್ದೆ ಬರುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ನನಗೆ ನಿದ್ದೆಯ ಹಿಂದೆಯೇ ಹಡಗುಗಳು ಬರುತ್ತಿದ್ದವು, ಮರಳುಗಾಡುಗಳು ಬರುತ್ತಿದ್ದವು, ಎಂದೂ ಕಾಣದ ಊರಿನ ಜನ ಬಂದು ನನ್ನನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಇದಕ್ಕೆ ಕಾರಣ ನಾನು ಶಿರಾದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದುದೋ ಅಥವಾ ದಿನವೂ ರಾತ್ರಿ ಹುರುಳಿಕಾಳಿನ ಬಸ್ಸಾರಿನೊಂದಿಗೆ ಇಳಿಸುತ್ತಿದ್ದ ಎರಡು ರಾಗಿಮುದ್ದೆಯೋ ಎಂಬುದನ್ನು ನಾನು ಯಾವತ್ತೂ ವಿಚಾರ ಮಾಡಿರಲಿಲ್ಲ. ಮುದ್ದೆ ಎಂದರೆ ಅಂತಿಂಥ ಮುದ್ದೆಯಲ್ಲ. ಶಾಲೆಯ ಬೀರುವಿನಲ್ಲಿದ್ದ ಗ್ಲೋಬಿಗಿಂತ ಒಂದು ಸುತ್ತು ಕಡಿಮೆ, ಅಷ್ಟೆ. ಮೇಲೆ ತುಪ್ಪ ಬಿದ್ದಾಗ ಅದು ನಾಲ್ಕು ದಿಕ್ಕಿಗೂ ಇಳಿದುಹೋಗುವುದನ್ನು ನೋಡುತ್ತ ಕುಳಿತರೆ ನನಗೆ ಹಿಮಾಲಯದ ನದಿಗಳ ಪಾಠ ನೆನಪಾಗುತ್ತಿತ್ತು.

ನಾನು ಹೇಳುತ್ತಿರುವುದು ಶಿರಾದ ದೊಡ್ಡ ಬೀದಿಗಳಿಗೆ ಕರೆಂಟು ಬಂದು, ನಮ್ಮ ಬೀದಿಗೆ ಮಾತ್ರ ಇನ್ನೂ ಬಾರದೆ ಇದ್ದ ಕಾಲದ ಮಾತು. ಒಂದು ಬೆಳಿಗ್ಗೆ ಮೊದಲನೆಯ ಪೀರಿಯಡ್ಡಿನಲ್ಲಿ ಗೋಡೆಯ ನಕ್ಷೆಯ ಮೇಲೆ ಕೃಷ್ಣಾ ನದಿಯನ್ನು ತೋರಿಸುತ್ತಿದ್ದೆ. ಹಿಂದಿನ ರಾತ್ರಿಯ ಮುದ್ದೆ ಇನ್ನೂ ಪೂರ್ತಿ ಕರಗಿರಲಿಲ್ಲ. ಕೈಯಲ್ಲಿದ್ದ ಕೋಲು ಪಶ್ಚಿಮ ಘಟ್ಟದಲ್ಲಿ ಹೊರಟು, ರಾಯಚೂರಿನ ಹತ್ತಿರ ಬರುವಷ್ಟರಲ್ಲಿ ನದಿ ನನ್ನನ್ನೇ ಎತ್ತಿಕೊಂಡಿತು. ಎಷ್ಟು ಸೊಗಸಾದ ಪ್ರಯಾಣ ಅಂತೀರಿ. ಎರಡು ಕಡೆಯೂ ನೆಲಗಡಲೆಯ ಹೊಲ, ತಣ್ಣನೆಯ ಗಾಳಿ, ನಾನೊಂದು ಹರಿಗೋಲಿನಲ್ಲಿ ಅಂಗಾತ ಮಲಗಿದ್ದೇನೆ. ಯಾರೋ ದಡದಿಂದ ಕೂಗಿದಂತಾಗಿ ಕಣ್ಣು ಬಿಟ್ಟರೆ ನನ್ನ ಹಣೆ ಹೈದರಾಬಾದಿನ ಮೇಲೆ ಊರಿಕೊಂಡಿತ್ತು, ಹೆಡ್ಮಾಸ್ಟರು ಪಕ್ಕದಲ್ಲಿ ನಿಂತಿದ್ದರು. ನಲವತ್ತು ಮಕ್ಕಳೂ ಮೇಷ್ಟರ ನಿದ್ದೆ ಕೆಡಬಾರದೆಂದು ಉಸಿರು ಬಿಗಿಹಿಡಿದು ಕುಳಿತಿದ್ದರು. ಹದಿನಾಲ್ಕು ವರ್ಷದ ನನ್ನ ನೌಕರಿಯಲ್ಲಿ ತರಗತಿ ಅಷ್ಟು ಶಿಸ್ತಾಗಿದ್ದದ್ದು ಅದೊಂದೇ ದಿನ. ಹೆಡ್ಮಾಸ್ಟರು ಒಳ್ಳೆಯವರು. ಬೈಯಲಿಲ್ಲ. ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದು ಮಾತ್ರ ಹೇಳಿದರು.

ಡಾಕ್ಟರು ಎದೆ ನೋಡಿದರು, ನಾಲಿಗೆ ನೋಡಿದರು, ಕಡೆಗೆ ರಾತ್ರಿ ಊಟಕ್ಕೆ ಏನು ತಿನ್ನುತ್ತೀರಿ ಎಂದು ಕೇಳಿದರು. ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆನೆಂದು ಕಾಣುತ್ತದೆ. ತುಪ್ಪದ ಭಾಗಕ್ಕೆ ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಇನ್ನು ಮೂರು ತಿಂಗಳು ದೀಪ ಹಚ್ಚೋದರೊಳಗೆ ನಿಮ್ಮ ಊಟ ಮುಗೀಬೇಕು ಮೇಷ್ಟ್ರೇ. ಸಂಜೆ ಹೊತ್ತು ಮುದ್ದೆ ಬೇಡ, ಅನ್ನ ಬೇಡ, ಎಣ್ಣೆ ತುಪ್ಪ ಬೇಡ. ಕಾಳು, ಹಸಿ ತರಕಾರಿ, ಬೇಕಾದ್ರೆ ಒಂದು ಒಣರೊಟ್ಟಿ."

ಈ ಆಜ್ಞೆಯನ್ನು ಮನೆಗೆ ತಂದು ಹೆಂಡತಿ ಗಿರಿಜೆಗೆ ಒಪ್ಪಿಸಿದೆ. ಆಕೆ ಪಾವಗಡದ ಕಡೆಯ ಹಳ್ಳಿಯವಳು, ಹೆಚ್ಚು ಮಾತಿಲ್ಲ. ನಮಗೆ ಮಕ್ಕಳಿರಲಿಲ್ಲ. ಹಿಂದಿನ ವರ್ಷದವರೆಗೆ ನನ್ನ ತಾಯಿ ಇದ್ದರು, ಅವರು ಹಾಕಿಕೊಟ್ಟ ಪದ್ಧತಿಯೇ ಮನೆಯಲ್ಲಿ ನಡೆದುಕೊಂಡು ಬಂದಿತ್ತು. ನಾನು ಉಣ್ಣುವಾಗ ಗಿರಿಜೆ ಒಲೆಯ ಮುಂದೆ ನಿಂತು ಬಡಿಸುವುದು, ನಾನು ಕೈ ತೊಳೆದು ಜಗಲಿಗೆ ಹೋಗಿ ನಾಲ್ಕನೆಯ ಸಮುದ್ರದಲ್ಲಿ ಹಡಗು ಬಿಟ್ಟಾದ ಮೇಲೆ ಅವಳು ಒಳಗೆ ಕುಳಿತು ತಿನ್ನುವುದು. ಏನು ತಿನ್ನುತ್ತಿದ್ದಳು, ಎಷ್ಟು ತಿನ್ನುತ್ತಿದ್ದಳು ಎಂದು ಹನ್ನೆರಡು ವರ್ಷ ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ತೋಚಿರಲಿಲ್ಲ. ಬ್ರಹ್ಮಪುತ್ರಾ ನದಿ ಎಲ್ಲೆಲ್ಲಿ ತಿರುಗುತ್ತದೆಂದು ಬಲ್ಲ ಮನುಷ್ಯ ನಾನು.

ಮೊದಲ ನಾಲ್ಕು ಸಂಜೆ ಬೇಯಿಸಿದ ಹೆಸರುಕಾಳು, ಹೆಚ್ಚಿದ ಸೌತೆಕಾಯಿ. ಪಕ್ಕದ ಮನೆಯ ಜುಲೇಖಾಬಿಯವರ ಮೇಕೆ ಹಿತ್ತಲ ಗೋಡೆಯ ಮೇಲಿಂದ ಕತ್ತು ಚಾಚಿ ನನ್ನ ತಟ್ಟೆಯನ್ನೂ ನನ್ನನ್ನೂ ಬಳಗದವನನ್ನು ನೋಡುವಂತೆ ನೋಡಿತು. ನಾನು ಜಗಿದೆ. ಜಗಿಯುತ್ತ ಜಗಿಯುತ್ತ ಕಣ್ಣಲ್ಲಿ ನೀರು ಬಂತು. ರಾತ್ರಿ ಒಂದೇ ಒಂದು ಕನಸು ಬೀಳಲಿಲ್ಲ. ಐದನೆಯ ದಿನ ಈ ಶಿಕ್ಷೆಗಿಂತ ನಕ್ಷೆಯ ಮೇಲೆ ಮಲಗಿ ನೌಕರಿ ಕಳೆದುಕೊಳ್ಳುವುದೇ ವಾಸಿ ಎಂದು ಗಿರಿಜೆಗೆ ಹೇಳಿಬಿಟ್ಟೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆರನೆಯ ದಿನ ಸಂಜೆ ಶಾಲೆಯಿಂದ ಬಂದಾಗ ಮನೆಯಲ್ಲಿ ಒಣಮೆಣಸಿನಕಾಯಿ ಮತ್ತು ಜೀರಿಗೆ ಹುರಿದ ವಾಸನೆ ತುಂಬಿತ್ತು. ನನ್ನ ಕಾಲುಗಳು ತಾವಾಗಿಯೇ ಅಡುಗೆಮನೆಗೆ ನಡೆದವು. ಅವಳು ಬೆಂದ ಅಲಸಂದೆಕಾಳನ್ನು ನೀರು ಬಸಿದು, ಎಣ್ಣೆಯಿಲ್ಲದ ಬಾಣಲೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಮತ್ತು ಆ ಖಾರದ ಪುಡಿಯ ಜೊತೆ ಹೊರಳಾಡಿಸುತ್ತಿದ್ದಳು. ಪಕ್ಕದಲ್ಲಿ ತೆಳ್ಳಗೆ ತಟ್ಟಿದ ಜೋಳದ ರೊಟ್ಟಿಯನ್ನು ಕೆಂಡದ ಕಾವಿಗೆ ಒರಗಿಸಿ ನಿಲ್ಲಿಸಿದ್ದಳು. ಅದು ಹಪ್ಪಳದಂತೆ ಸೆಟೆದುಕೊಂಡಿತ್ತು. ಅಗಲವಾದ ಬೋಗುಣಿಯಲ್ಲಿ ಎಳೆ ಮೆಂತ್ಯದ ಸೊಪ್ಪು, ಈರುಳ್ಳಿ, ಟೊಮೊಟೊ, ಸೌತೆಕಾಯಿ, ಮೇಲೊಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಚಿಕ್ಕಂದಿನಲ್ಲಿ ಅವಳ ತಾಯಿ ಕಡಲೆಕಾಯಿ ಕೀಳುವ ಸುಗ್ಗಿಯಲ್ಲಿ ಒಣರೊಟ್ಟಿಯನ್ನು ಹೊಲಕ್ಕೆ ಕಟ್ಟಿಕೊಂಡು ಹೋಗಿ, ಸಿಕ್ಕಿದ ಹಸಿಕಾಯಿಯ ಜೊತೆ ಮುರಿದು ಕಲಸಿಕೊಡುತ್ತಿದ್ದರಂತೆ. ಅದನ್ನೇ ಸ್ವಲ್ಪ ತಿದ್ದಿದ್ದೇನೆ ಎಂದಳು. ಇನ್ನು ಕಲಸಿಕೊಡು ಎಂದು ನಾನು ಅವಸರ ಮಾಡಿದೆ.

"ಈಗ್ಲೇ ಕಲಸಿದ್ರೆ ರೊಟ್ಟಿ ಮೆತ್ತಗಾಗೋಯ್ತದೆ. ನೀವು ಕೈಕಾಲು ತೊಳ್ಕಂಡು ಕುಂತ್ಮೇಲೆ ಕಲಸದು. ಕಲಸಿದೇಟ್ಗೆ ತಿಂದ್ಬುಡ್ಬೇಕು."

ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಕುಳಿತೆ. ಅವಳು ಬಿಸಿ ಕಾಳನ್ನು ಸೊಪ್ಪಿನ ಮೇಲೆ ಸುರಿದು, ನಿಂಬೆಹಣ್ಣು ಹಿಂಡಿ, ಒಂದು ಚಮಚ ಗಟ್ಟಿಮೊಸರು ಹಾಕಿ, ಕಡೆಗೆ ರೊಟ್ಟಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಪುಡಿಮಾಡಿದಳು. ತರಗೆಲೆಯ ಮೇಲೆ ಯಾರೋ ನಡೆದುಬಂದಂಥ ಸದ್ದು. ಮೊದಲ ತುತ್ತು ಬಾಯಿಗಿಟ್ಟೆ. ಬಿಸಿ, ತಂಪು, ಹುಳಿ, ಖಾರ, ಗರಿಗರಿ ಎಲ್ಲವೂ ಒಟ್ಟಿಗೆ ಬಂದವು. ಮೇಕೆಯನ್ನು ನಾನು ಆಮೇಲೆ ತಲೆಯೆತ್ತಿ ನೋಡಲಿಲ್ಲ. ಅರ್ಧ ಮುಗಿದಾಗ ಗಿರಿಜೆಯ ನೆನಪಾಯಿತು. ಅವಳು ಬಾಗಿಲ ಬಳಿ ನಿಂತಿದ್ದಳು. ಕಲಸಿದ್ದರಲ್ಲಿ ಅವಳ ಪಾಲೂ ಇತ್ತು, ಅದು ಬೋಗುಣಿಯಲ್ಲಿ ಮೆತ್ತಗಾಗುತ್ತಿತ್ತು.

"ನೀನ್ಯಾಕೆ ನಿಂತಿದ್ದೀಯ? ಇದು ಕಾಯೋ ಊಟ ಅಲ್ಲ ಅಂತ ನೀನೇ ಅಂದೆಯಲ್ಲ. ಬಾ, ಕೂತ್ಕೊ."

ಅವಳು ಗೋಡೆಯ ಆಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಂದು ಸಲ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕುಳಿತಳು. ಮದುವೆಯ ದಿನ ಬಿಟ್ಟರೆ ನಾವು ಒಟ್ಟಿಗೆ ಕುಳಿತು ಉಂಡಿದ್ದು ಅದೇ ಮೊದಲು.

ಆಮೇಲಿನ ಸಂಜೆಗಳನ್ನು ನೆನೆಸಿಕೊಂಡರೆ ಈಗಲೂ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ. ಬಿಸಿಲು ಇಳಿದು ಹಿತ್ತಲ ಗೋಡೆ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಕಡಲೆಕಾಯಿ ಮೂಟೆ ಹೊತ್ತ ಗಾಡಿಗಳು ಮಂಡಿಯ ಕಡೆ ಹೋಗುವಾಗ ಎದ್ದ ಧೂಳು ಕೆಳಗಿಳಿಯುವ ಆತುರವಿಲ್ಲದೆ ಅಲ್ಲಿಯೇ ತೇಲುತ್ತಿತ್ತು. ಮಸೀದಿಯಿಂದ ಬಾಂಗಿನ ಧ್ವನಿ ಬಂದು ಮುಗಿದ ಮೇಲೆ ಒಂದು ಕ್ಷಣ ಊರೆಲ್ಲ ಸುಮ್ಮನಾಗುತ್ತಿತ್ತು. ಆ ಸುಮ್ಮನಿರುವ ಹೊತ್ತಿನಲ್ಲಿ ನಮ್ಮಿಬ್ಬರ ಬಾಯಲ್ಲಿ ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ನನ್ನ ಹೆಂಡತಿ ಹೇಗೆ ಉಣ್ಣುತ್ತಾಳೆಂದು ನಾನು ಆಗ ತಿಳಿದುಕೊಂಡೆ. ಮೊದಲು ಈರುಳ್ಳಿ, ಆಮೇಲೆ ಕಾಳು, ಕಡಲೆಕಾಯಿ ಬೀಜಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಟ್ಟುಕೊಂಡು ಕಡೆಯಲ್ಲಿ ಒಂದೊಂದಾಗಿ. ಖಾರ ಹತ್ತಿದರೆ ಅವಳ ಬಾಯಿಂದ ತೆಲುಗು ಹೊರಡುತ್ತದೆ ಎಂಬುದೂ ಆಗಲೇ ಗೊತ್ತಾಯಿತು.

ಒಂದು ಸಂಜೆ ಅವಳು, ಅವತ್ತು ನೀವು ಮಲಗಿಕೊಂಡ ನದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಊರವರಂತೆ ನಗುವುದಕ್ಕೆ ಕೇಳಿದಳೇನೋ ಎಂದುಕೊಂಡೆ. ಅಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿದ್ದರಂತೆ. ಆ ವರ್ಷದ ಪುಸ್ತಕದಲ್ಲಿ ನದಿ ಬೆಟ್ಟದಿಂದ ಇಳಿಯುವವರೆಗೆ ಪಾಠವಾಗಿತ್ತು, ಮುಂದೆ ಅದೇನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ತಟ್ಟೆಯ ಮೊಸರಿನಲ್ಲಿ ಬೆರಳಾಡಿಸಿ ನದಿ ಬರೆದೆ. ಮೆಂತ್ಯದೆಲೆ ಕಾಡಾಯಿತು, ರೊಟ್ಟಿಚೂರು ಗುಡ್ಡವಾಯಿತು. ಬಂಗಾಳ ಕೊಲ್ಲಿ ತಟ್ಟೆಯಾಚೆ ಅವಳ ಮಡಿಲಿನ ಹತ್ತಿರ ಬಂತು. ಹೊಡೆಯುವ ಕೋಲಿಲ್ಲದೆ ಯಾರಾದರೂ ನನ್ನ ಪಾಠ ಕೇಳಿದ್ದು ನನಗೆ ಹೊಸದು. ಮಾರನೆಯ ದಿನ ಗೋದಾವರಿ, ಅದರ ಮಾರನೆಯ ದಿನ ಸಿಂಧೂ. ಹೀಗೆ ನಾವು ಹಲವು ನದಿಗಳನ್ನು ತಿಂದು ಮುಗಿಸಿದೆವು.

ಆಮೇಲೊಂದು ದಿನ ಅವಳು ಸಮುದ್ರ ನೋಡಲು ಹೇಗಿರುತ್ತದೆ ಎಂದು ಕೇಳಿದಳು. ತರಗತಿಯಲ್ಲಾದರೆ ಈ ಪ್ರಶ್ನೆಗೆ ನಾನು ಅರ್ಧ ಗಂಟೆ ಉತ್ತರ ಹೇಳಬಲ್ಲೆ. ಅವಳ ಮುಖ ನೋಡಿದ ಮೇಲೆ ಆ ಉತ್ತರ ಬೇಡವೆನಿಸಿತು. ಹದಿನಾಲ್ಕು ವರ್ಷದಿಂದ ಸಮುದ್ರದ ಪಾಠ ಮಾಡುತ್ತಿದ್ದೇನೆ, ಮದಲೂರು ಕೆರೆಗಿಂತ ದೊಡ್ಡ ನೀರನ್ನು ಕಣ್ಣಾರೆ ಕಂಡಿಲ್ಲ ಎಂದು ಒಪ್ಪಿಕೊಂಡೆ. ಈ ಗುಟ್ಟನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ನಗಲಿಲ್ಲ.

"ಹೋಗ್ಲಿ ಬುಡಿ. ನಿಮಗೂ ಗೊತ್ತಿಲ್ಲ ಅಂದ್ರೆ ಇಬ್ರೂ ಒಂದೇ ಕಿತ ನೋಡ್ಬೋದು" ಎಂದು ಹೇಳಿ, ತನ್ನ ಅಂಚಿನಲ್ಲಿಟ್ಟುಕೊಂಡಿದ್ದ ಕಡಲೆಕಾಯಿ ಬೀಜಗಳಲ್ಲಿ ಅರ್ಧವನ್ನು ನನ್ನ ತಟ್ಟೆಗೆ ದೂಡಿದಳು.

ಮೂರು ತಿಂಗಳು ಹೀಗೆ ಕಳೆಯಿತು. ನನ್ನ ಕೋಟಿನ ಗುಂಡಿಗಳು ಬಹಳ ಕಾಲದ ಮೇಲೆ ತಮ್ಮ ಕಾಜಗಳನ್ನು ಸೇರಿದವು. ಮೊದಲನೆಯ ಪೀರಿಯಡ್ಡಿನಲ್ಲಿ ನಾನು ಎಚ್ಚರವಾಗಿರುವುದನ್ನು ಕಂಡು ಮಕ್ಕಳಿಗೆ ನಿರಾಸೆಯಾಯಿತು. ಡಾಕ್ಟರು ಮತ್ತೆ ಎದೆ ನೋಡಿ, ನಾಲಿಗೆ ನೋಡಿ, ಇನ್ನೇನೂ ತೊಂದರೆಯಿಲ್ಲ, ನಾಳೆಯಿಂದ ರಾತ್ರಿ ಒಂದು ಸಣ್ಣ ಮುದ್ದೆ ತಿನ್ನಬಹುದು ಎಂದರು. ಸಣ್ಣದೆಂದರೆ ಎಷ್ಟು ಸಣ್ಣದು ಎಂಬುದನ್ನು ನಾನು ಬೇಕೆಂದೇ ಕೇಳಲಿಲ್ಲ.

ಆಸ್ಪತ್ರೆಯಿಂದ ಮನೆಯವರೆಗೆ ನಾನು ನಡೆದೆನೋ ತೇಲಿದೆನೋ ಹೇಳಲಾರೆ. ದಾರಿಯುದ್ದಕ್ಕೂ ಬಸ್ಸಾರಿನ ಪರಿಮಳ. ನಮ್ಮ ಬಾಗಿಲು ದಾಟಿ ಹಿತ್ತಲಿಗೆ ಬಂದರೆ ಗಿರಿಜೆ ಚಪ್ಪಡಿಯನ್ನು ತೊಳೆದು, ಎರಡು ತಟ್ಟೆ ಇಟ್ಟು, ಈರುಳ್ಳಿ ಹೆಚ್ಚುತ್ತಿದ್ದಳು. ಡಾಕ್ಟರು ಏನೆಂದರು ಎಂದು ಕೇಳಿದಳು. ಕೇಳುವಾಗ ಕೈ ನಿಂತಿತ್ತು. ಮುದ್ದೆಯೆಂದರೆ ಬಿಸಿಬಿಸಿಯಾಗಿ ತೊಳಸಿ, ಕಟ್ಟಿ, ಒಲೆಯ ಪಕ್ಕದಿಂದಲೇ ಬಡಿಸುವ ಊಟ. ಅದು ಬಂದರೆ ಅವಳು ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ, ನಾನು ಒಬ್ಬನೇ ಉಂಡು ಜಗಲಿಗೆ ಹೋಗುತ್ತೇನೆ. ಮುದ್ದೆಯನ್ನೂ ಒಟ್ಟಿಗೆ ಕುಳಿತು ಉಣ್ಣಬಹುದು ಎಂಬ ಸರಳ ಉಪಾಯ ಹೊಳೆಯುವಷ್ಟು ಚುರುಕು ಬುದ್ಧಿ ನನಗೆ ಆಗ ಇರಲಿಲ್ಲ. ಹೊಳೆದಾಗ ತಡವಾಗಿತ್ತು.

"ಇನ್ನು ಮುಂದೆಯೂ ಸಂಜೆಗೆ ಇದನ್ನೇ ತಿನ್ನಬೇಕಂತೆ" ಎಂದೆ.

ಅವಳ ಮುಖ ಅರಳಿತು. ಆದರೆ ಅರಳಿದಷ್ಟೇ ಬೇಗ ಬಾಡಿತು. ಎಷ್ಟು ದಿನ ಎಂದು ಕೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಅಳತೆ ತಪ್ಪುತ್ತದೆ. ಜೀವ ಇರುವವರೆಗೂ ಎಂದುಬಿಟ್ಟೆ. ಅವಳು ಮತ್ತೆ ಈರುಳ್ಳಿ ಹೆಚ್ಚತೊಡಗಿದಳು. ಕಣ್ಣೊರೆಸಿಕೊಂಡಿದ್ದು ಈರುಳ್ಳಿಗೆ ಎಂದೇ ನಾನು ತಿಳಿದೆ.

ಮಾರನೆಯ ಬೆಳಿಗ್ಗೆ ದೋಸೆಯ ಮೇಲೆ ಬೆಣ್ಣೆಯಿರಲಿಲ್ಲ. ಅದರ ಮಾರನೆಯ ದಿನ ದೋಸೆಯೇ ಇರಲಿಲ್ಲ. ಜೀವ ಇರುವವರೆಗೂ ಪಥ್ಯ ಎಂದರೆ ಕಾಯಿಲೆ ದೊಡ್ಡದೇ ಇರಬೇಕು, ಮನುಷ್ಯ ಮುಚ್ಚಿಡುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದ್ದಳು. ಒಳಗಿನ ಸಂಕಟ ತಡೆಯದೆ ಗೋಡೆಯಾಚೆಯ ಜುಲೇಖಾಬಿಗೂ ಹೇಳಿದ್ದಳು. ಜುಲೇಖಾಬಿಯ ಯಜಮಾನರು ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರು, ದಿನಕ್ಕೆ ಐವತ್ತು ಮನೆಯವರ ಜೊತೆ ಮಾತಿದ್ದವರು. ಎರಡೇ ದಿನಕ್ಕೆ ಹೆಡ್ಮಾಸ್ಟರು ಕಿತ್ತಳೆಹಣ್ಣು ಹಿಡಿದುಕೊಂಡು ಮನೆಗೆ ಬಂದು, ನನ್ನ ಭುಜ ತಟ್ಟಿ, ಧೈರ್ಯವಾಗಿರಬೇಕು ಎಂದು ಹೇಳಿಹೋದರು. ನಾನು ಧೈರ್ಯವಾಗಿಯೇ ಇದ್ದೆ, ಹಸಿವಾಗುತ್ತಿತ್ತು ಅಷ್ಟೆ. ನಿಜ ಹೇಳಿಬಿಡೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಹೊತ್ತು ಇಳಿಯುವ ಸಂಜೆಯೇ ಆಗಿತ್ತು, ಅವಳು ಎದುರಿಗೆ ಕುಳಿತು ಈವತ್ತು ಯಾವ ನದಿ ಎಂದು ಕೇಳುತ್ತಿದ್ದಳು.

ಹೀಗಿರುವಾಗ ರಂಜಾನ್ ಹಬ್ಬ ಬಂತು. ಹಬ್ಬದ ದಿನ ಜುಲೇಖಾಬಿ ನಮಗೆ ತಪ್ಪದೆ ಶೀರ್ ಖುರ್ಮಾ ಕೊಡುತ್ತಿದ್ದರು. ಹಾಲಿನಲ್ಲಿ ಬೆಂದ ಶಾವಿಗೆ, ಖರ್ಜೂರ, ದ್ರಾಕ್ಷಿ, ತುಪ್ಪದಲ್ಲಿ ಹುರಿದ ಗೋಡಂಬಿ. ಬೆಳಗಿನಿಂದಲೇ ನಾನು ಗೋಡೆಯ ಪಕ್ಕದಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಓಡಾಡುತ್ತಿದ್ದೆ. ಮಧ್ಯಾಹ್ನ ಅವರು ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಗೋಡೆಯ ಮೇಲಿಟ್ಟರು. ಬಟ್ಟೆ ಸರಿಸಿದರೆ ಒಂದು ಕಡೆ ಒಂದೇ ಬಟ್ಟಲು ಖುರ್ಮಾ, ಇನ್ನೊಂದು ಕಡೆ ಹೂವಿನಂತೆ ಜೋಡಿಸಿದ ಸೌತೆಕಾಯಿ ಹೋಳು.

"ಬಟ್ಲು ಗಿರ್ಜಕ್ಕಂಗೆ. ಸೌತೆಕಾಯಿ ನಿಮ್ಗೆ ಮೇಷ್ಟ್ರೇ, ಖಾಸ್ ನಾನೇ ಹೆಚ್ಚಿದ್ದು. ನಿಮ್ಮ ಸಲುವಾಗಿ ದುವಾ ಕೂಡ ಮಾಡಿದೀನಿ" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಇಬ್ಬರೂ ಚಪ್ಪಡಿಯ ಮೇಲೆ ಕುಳಿತೆವು. ನಿಮ್ಮನ್ನು ಬಿಟ್ಟು ನಾನು ತಿನ್ನಲಾರೆ ಎಂದು ಗಿರಿಜೆ ಬಟ್ಟಲು ದೂರವಿಟ್ಟಳು. ನಾನೇ ಬಲವಂತ ಮಾಡಿದೆ. ಅವಳು ತಲೆ ತಗ್ಗಿಸಿಕೊಂಡು ಒಂದು ಚಮಚ ತಿಂದಳು. ಆಮೇಲೆ ಇನ್ನೊಂದು. ಆಮೇಲೆ ಚಮಚದ ಸದ್ದು ನಿಲ್ಲಲೇ ಇಲ್ಲ. ನಾನು ಸೌತೆಕಾಯಿ ಕಡಿಯುತ್ತ ಎಷ್ಟು ಸಾಧ್ಯವೋ ಅಷ್ಟು ನಿರ್ಲಿಪ್ತನಾಗಿ, ಹೇಗಿದೆ ಎಂದು ಕೇಳಿದೆ.

"ಅಂತಾದ್ದೇನಿಲ್ಲ ಬುಡಿ. ಈ ಸಲ ಸಕ್ರೆ ಒಸಿ ಜಾಸ್ತಿ ಆಗೈತೆ" ಎಂದಳು.

ಬಟ್ಟಲನ್ನು ಇಣುಕಿ ನೋಡಿದೆ. ತಳದಲ್ಲಿ ಒಂದು ಎಳೆ ಶಾವಿಗೆಯೂ ಉಳಿದಿರಲಿಲ್ಲ. ಆ ಮನೆಯಲ್ಲಿ ಸುಳ್ಳು ಹೇಳುವವನು ನಾನೊಬ್ಬನೇ ಎಂದು ಎಷ್ಟೋ ದಿನದಿಂದ ಕೊರಗುತ್ತಿದ್ದೆ.