ಡಬ್ಬಣ್ಣನ ಗಿಟಾರ್ ಮತ್ತು ಬೆನ್ನಿರುವ ಕುರ್ಚಿ

ಬಾಗಿಲು ಹಾಕಿಕೊಳ್ಳದೆ ಗಿಟಾರಿನ ಶ್ರುತಿ ನೋಡಿದ್ದೇ ಡಬ್ಬಣ್ಣ ಮಾಡಿದ ತಪ್ಪು. ಗಿಟಾರ್ ಕಾರ್ಖಾನೆಯ ನೌಕರರ ವಠಾರದಲ್ಲಿ, ಅದೂ ವಾರದ ರಜೆಯ ಬೆಳಿಗ್ಗೆ, ತೆರೆದ ಬಾಗಿಲೆಂದರೆ ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆ.

ಆ ವಠಾರದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಗಿಟಾರಿನ ಯಾವ ಭಾಗ ನಿನ್ನ ಹೊಟ್ಟೆಪಾಡೋ ಅದೇ ನಿನ್ನ ಹೆಸರು. ಗಿಟಾರಿನ ಕತ್ತು ಕೆತ್ತುವವನು ಕತ್ತಿನಯ್ಯ. ದನಿ ಹಿಡಿಯುವ ಪಿಕಪ್ಪಿಗೆ ತಾಮ್ರದ ತಂತಿ ಸುತ್ತುವವಳು ಸುರುಳಿಯಕ್ಕ. ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಡ್ಜ್ ಜೋಡಿಸುವವನು ಬ್ರಿಡ್ಜ್ ಭಾವ. ಅವನು ಡಬ್ಬಣ್ಣನ ಹೆಂಡತಿಯ ಅಣ್ಣ, ಆದರೆ ಊರಿಗೆಲ್ಲ ಭಾವನೇ. ಡಬ್ಬಣ್ಣ ತಯಾರಾದ ಗಿಟಾರನ್ನು ಡಬ್ಬಕ್ಕೆ ಹಾಕಿ ಕಟ್ಟುವವನು. ಹನ್ನೊಂದು ವರ್ಷದಿಂದ, ದಿನಕ್ಕೆ ಎಂಟು ಗಂಟೆ, ನಿಂತುಕೊಂಡು. ಪ್ಯಾಕಿಂಗ್ ವಿಭಾಗದಲ್ಲಿ ಕುರ್ಚಿಯಿಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂದು ಕೂತುಕೊಂಡೇ ಕೆಲಸ ಮಾಡುವ ಯಾರೋ ಬರೆದಿಟ್ಟಿದ್ದಾರೆ.

ಗಿಟಾರ್ ಅವನಿಗೆ ಚೀಟಿಯಲ್ಲಿ ಬಂದದ್ದು. ಬೆನ್ನ ಮೇಲೆ ಸಾಸಿವೆ ಕಾಳಷ್ಟು ಬಣ್ಣದ ಚುಕ್ಕೆ ಎದ್ದ ಗಿಟಾರನ್ನು ಕಂಪನಿ ಮಾರುವುದಿಲ್ಲ; ವರ್ಷಕ್ಕೊಮ್ಮೆ ನೌಕರರ ನಡುವೆ ಚೀಟಿ ಎತ್ತಿಸುತ್ತದೆ. ಸಾಸಿವೆ ಕಾಳಷ್ಟು ಚುಕ್ಕೆಗೆ ‘ನಡೆಯುವುದಿಲ್ಲ’ ಎನ್ನುವ ಕಂಪನಿ, ಪ್ಯಾಕಿಂಗಿನವನ ಮೀನಖಂಡದಲ್ಲಿ ಹಗ್ಗದ ಗಾತ್ರದ ನರ ಎದ್ದರೆ ‘ನಡೆಯುತ್ತದೆ’ ಎನ್ನುತ್ತದೆ.

ಅಂದಿನಿಂದ ಡಬ್ಬಣ್ಣನ ಬಾಯಲ್ಲಿ ಬೇರೆ ಮಾತಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೂ, “ಕತ್ತಿನ ಪಟ್ಟಿಗಳೆಲ್ಲ ಸ್ಟೀಲು ಕಣ್ರೀ, ನನ್ನ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ! ಬಿರಡೆಗೆ ಲಾಕ್ ಇದೆ! ತೂಕ ಎಷ್ಟು ಗೊತ್ತಾ?” ಎಂದು ಶುರುಮಾಡಿದರೆ ಕೊಡ ತುಂಬಿ ಹರಿದರೂ ಬಿಡುತ್ತಿರಲಿಲ್ಲ. ಹನ್ನೊಂದು ವರ್ಷ ಪ್ರತಿ ಡಬ್ಬಕ್ಕೂ ಒಂದೊಂದು ತಿಳುವಳಿಕೆ ಪುಸ್ತಿಕೆ ಹಾಕಿದವನು, ಈಗ ಮೊದಲ ಸಲ ಅದನ್ನು ತೆರೆದು ಓದಿದ. ಓದಿ ಓದಿ, ತಿರುಪಿ ತಿರುಪಿ, ಸೆಟಪ್ ಕಲಿತ.

ಸೆಟಪ್ ಎಂದರೆ ಎಲ್ಲ ವಿಭಾಗಗಳಿಂದ ಬಂದ ತುಂಡುಗಳು ಒಂದಾದ ಮೇಲೆ ಅವು ಒಂದೇ ಮಾತಾಡುವಂತೆ ಹದಗೊಳಿಸುವ ಕೆಲಸ. ಅದಕ್ಕೊಂದು ಪ್ರತ್ಯೇಕ ಕೋಣೆ. ಅಲ್ಲಿ ಕುರ್ಚಿಗಳಿವೆ. ಬೆನ್ನಿರುವ, ಸುತ್ತುವ ಕುರ್ಚಿಗಳು. ಅದರಲ್ಲೊಂದು ಈಗ ಖಾಲಿಯಾಗಿತ್ತು. ಕೋಣೆಯ ಯಜಮಾನನಿಗೆ ಎಲ್ಲರೂ ಕಿವಿ ಸಾಹೇಬ ಎನ್ನುತ್ತಾರೆ. ತಂತಿ ಕೂದಲೆಳೆಯಷ್ಟು ಇಳಿದರೂ ಆತನ ಹುಬ್ಬು ಏರುತ್ತದೆ. “ನಿನ್ನ ಗಿಟಾರನ್ನೇ ಸೆಟಪ್ ಮಾಡ್ಕೊಂಡು ಬಾ. ರಜೆ ದಿನ, ನಾಲ್ಕು ಗಂಟೆಗೆ. ನುಡಿಸಿ ನೋಡ್ತೀನಿ,” ಎಂದು ಆ ಜಾಗ ಕೇಳಲು ಹೋದ ಡಬ್ಬಣ್ಣನಿಗೆ ಹೇಳಿದ್ದ.

“ಕುರ್ಚಿಗೆ ಇಷ್ಟು ಒದ್ದಾಡ್ತೀಯಲ್ಲ, ಮಂತ್ರಿ ಆಗೋಕೆ ಹೊರಟಿದ್ದೀಯಾ?” ಎಂದು ಹೆಂಡತಿ ರೇಗಿಸಿದಳು. ಆದರೆ ದಿನಾ ಸಂಜೆ ಅವನ ಕಾಲಿಗೆ ಬಿಸಿನೀರು ಹಾಕುವವಳೂ ಅವಳೇ. ಹಿಂದಿನ ದಿನವೇ ಅವನ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು.

ಬೆಳಿಗ್ಗೆ ಎಂಟಕ್ಕೆ ಗಿಟಾರ್ ಗಿಣಿಯಂತೆ ಮಾತಾಡುತ್ತಿತ್ತು. ಎಂಟೂಕಾಲಿಗೆ ಕತ್ತಿನಯ್ಯ ಹೊಸ್ತಿಲು ದಾಟಿದ.

“ಏನಯ್ಯ ಡಬ್ಬ, ಇದು ನಾ ಮಾಡಿದ ಕತ್ತಲ್ವಾ? ಕೊಡಿಲ್ಲಿ.” ಒಂದು ಕಣ್ಣು ಮುಚ್ಚಿ ಬಂದೂಕಿನಂತೆ ಗುರಿಯಿಟ್ಟು ನೋಡಿದ. “ಅಯ್ಯೋ, ಬಾಗಿದೆ!”

“ಅಯ್ಯಾ, ಸ್ವಲ್ಪ ಬಾಗಿರ್ಬೇಕು. ತಂತಿ ಕುಣಿಯೋಕೆ ಜಾಗ ಬೇಕು ಅಂತ ಪುಸ್ತಿಕೇಲಿ...”

“ಪುಸ್ತಿಕೆ ಬರೆದವನು ಕತ್ತು ಕೆತ್ತಿದ್ದಾನಾ? ನನ್ನ ವಿಭಾಗದ ಅಳತೆ ಚೀಟೀಲಿ ನೇರ ಅಂದ್ರೆ ನೇರ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕತ್ತೂ ಬಾಗಿಸಿ ಕಳಿಸಿಲ್ಲ ನಾನು!” ಎನ್ನುತ್ತಲೇ ಜೇಬಿನಿಂದ ಅಲೆನ್ ಕೀ ಎಂಬ ಆರುಮೂಲೆ ಕೀಲಿ ತೆಗೆದು ಸಿಕ್ಕಿಸಿ ಕತ್ತಿನೊಳಗಿನ ಸರಳನ್ನು ಅರ್ಧ ಸುತ್ತು ಬಿಗಿದುಬಿಟ್ಟ. ಡಬ್ಬಣ್ಣ ತಂತಿ ಮೀಟಿದ. ಜೇನುಗೂಡಿಗೆ ಕಲ್ಲು ಬಿದ್ದಂತೆ ಝಂಯ್ಯೆಂದಿತು.

ಆ ಸದ್ದಿಗೆ ಸುರುಳಿಯಕ್ಕ ಓಡಿಬಂದಳು, ಕಂಕುಳಲ್ಲಿ ಹಳೆಯ ರೇಡಿಯೋ ಇಟ್ಟುಕೊಂಡು. “ಅಷ್ಟು ಸಣ್ಣ ದನಿ ಯಾಕೋ? ನಾನು ಸುತ್ತಿದ ಸುರುಳಿಗೆ ಅವಮಾನ!” ಗಿಟಾರಿನ ವೈರನ್ನು ರೇಡಿಯೋಗೆ ಸಿಕ್ಕಿಸಿದಳು. ಡಬ್ಬಣ್ಣ ಕೈ ಅಡ್ಡ ಹಿಡಿಯುವಷ್ಟರಲ್ಲಿ ಪಿಕಪ್ಪಿನ ತಿರುಪುಗಳನ್ನು ಏರಿಸಿ, ಅಯಸ್ಕಾಂತಗಳನ್ನು ತಂತಿಯ ಹೊಟ್ಟೆಗೇ ತಂದು ನಿಲ್ಲಿಸಿದಳು. ದನಿ ದೊಡ್ಡದಾಯಿತು ನಿಜ. ಆದರೆ ಅಯಸ್ಕಾಂತ ಎಳೆದೆಳೆದು ಪ್ರತಿ ಸ್ವರವೂ ಹಲ್ಲುನೋವಿನವನು ಹಾಡಿದಂತೆ ಓಲಾಡತೊಡಗಿತು.

“ಏನಿದು ಗಲಾಟೆ, ಯಾರಿಗೆ ಏನಾಯ್ತು?” ಎಂದು ಬ್ರಿಡ್ಜ್ ಭಾವ ಹಲ್ಲುಜ್ಜುತ್ತಲೇ ಬಂದ.

“ಭಾವ, ಕೈ ಮುಗೀತೀನಿ, ನೀನು ಮಾತ್ರ ಮುಟ್ಟಬೇಡ.”

“ನಾನು ಮುಟ್ಟದೆ ಇನ್ಯಾರು ಮುಟ್ಟಬೇಕು? ತಂಗಿ ಕೊಟ್ಟಿದ್ದೀನಿ ನಿನಗೆ!”

ತಂಗಿ ಕೊಟ್ಟವನ ಬಾಯಿ ಮುಚ್ಚಿಸುವ ಶಾಸ್ತ್ರ ಯಾವ ಪುಸ್ತಿಕೆಯಲ್ಲೂ ಇಲ್ಲ. ಝಂಯ್ ನಿಲ್ಲಬೇಕೆಂದು ಭಾವ ಬ್ರಿಡ್ಜಿನ ತಿರುಪು ತಿರುಗಿಸಿ ತಂತಿಗಳನ್ನು ಎತ್ತಿದ, ಇನ್ನೂ ಎತ್ತಿದ. ಝಂಯ್ ನಿಂತಿತು. ತಂತಿಗಳು ಈಗ ಬಟ್ಟೆ ಒಣಹಾಕುವಷ್ಟು ಎತ್ತರದಲ್ಲಿದ್ದವು. ಒತ್ತಿದರೆ ಬೆರಳು ಕತ್ತರಿಸುತ್ತಿತ್ತು, ಸ್ವರ ಪಕ್ಕದ ಮನೆಗೆ ಜಿಗಿಯುತ್ತಿತ್ತು.

“ಕತ್ತು ಇನ್ನೂ ನೇರ ಆಗಿಲ್ಲ ಅದಕ್ಕೇ,” ಎಂದ ಕತ್ತಿನಯ್ಯ. “ಬ್ರಿಡ್ಜ್ ಸೊಟ್ಟ ಅದಕ್ಕೇ,” ಎಂದಳು ಸುರುಳಿಯಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಮೂರು ಅಲೆನ್ ಕೀಗಳು ಒಂದೇ ಗಿಟಾರಿಗೆ ಮುತ್ತಿಕೊಂಡವು. ಹನ್ನೆರಡೂವರೆಗೆ ಒಂದು ತಂತಿ ಫಟಾರೆಂದು ಹರಿದು ಭಾವನ ಮೂಗಿಗೆ ಬಡಿಯಿತು. ಡಬ್ಬಣ್ಣನಿಗೆ ಜೀವಮಾನದಲ್ಲೇ ಮೊದಲ ಸಲ ಸಿಟ್ಟು ಬಂತು.

“ನೀವೆಲ್ಲ ಸರಿ!” ಎಂದು ಕಿರುಚಿದ. “ನಿಮ್ಮ ನಿಮ್ಮ ಚೀಟಿ ಪ್ರಕಾರ ಎಲ್ಲರೂ ಸರಿ! ಗಿಟಾರೊಂದೇ ತಪ್ಪು! ನಿಮ್ಮಲ್ಲಿ ಯಾರಾದ್ರೂ ಒಂದು ದಿನ, ಒಂದೇ ಒಂದು ದಿನ, ಇಡೀ ಗಿಟಾರ್ ನುಡಿದಿದ್ದು ಕೇಳಿದ್ದೀರೇನ್ರೀ?”

ಮೂವರ ಕೈಗಳೂ ಗಿಟಾರಿನಿಂದ ಹಿಂದೆ ಸರಿದವು.

ಕತ್ತಿನಯ್ಯ ಅಲೆನ್ ಕೀಯನ್ನು ಅಂಗೈಯಲ್ಲಿ ಹೊರಳಿಸಿದ. “ದಿನಕ್ಕೆ ನಲವತ್ತು ಕತ್ತು ಮಾಡ್ತೀನಪ್ಪ. ಗಾಡಿ ಬರತ್ತೆ, ತಗೊಂಡು ಹೋಗತ್ತೆ. ಆಮೇಲೆ ಎಲ್ಲಿಗೆ ಹೋಗ್ತವೋ ದೇವರಿಗೇ ಗೊತ್ತು.”

“ನನ್ನ ಸುರುಳಿ ಮುಚ್ಚಳದೊಳಗೆ ಹೋದ್ರೆ ಮುಗೀತು,” ಎಂದಳು ಸುರುಳಿಯಕ್ಕ. “ಹಾಡತ್ತೆ ಅಂತಾರೆ. ನಾನು ಕೇಳಿಲ್ಲ.”

ಜಗತ್ತಿಗೆಲ್ಲ ಗಿಟಾರ್ ಕಳಿಸುವ ವಠಾರದಲ್ಲಿ ಗಿಟಾರ್ ಕೇಳಿದವರಿರಲಿಲ್ಲ. ಡಬ್ಬಣ್ಣನ ಹೆಂಡತಿ ತನ್ನ ಅಣ್ಣನ ಮೂಗಿಗೆ ಒದ್ದೆ ಬಟ್ಟೆ ಒತ್ತುತ್ತಾ, “ಸರಿ, ಕೂತ್ಕೊಳ್ಳಿ ಎಲ್ಲರೂ. ಇವರು ಪುಸ್ತಿಕೆ ಓದ್ಲಿ, ನೀವು ತಿರುಪಿ. ಇವರು ಹೇಳಿದಷ್ಟೇ,” ಎಂದಳು.

ಹಾಗೇ ಆಯಿತು. ಭಾವ ಹೊಸ ತಂತಿ ಹಾಕಿದ. ಡಬ್ಬಣ್ಣ ಪುಸ್ತಿಕೆ ಓದಿದ. ಕತ್ತಿನಯ್ಯ ಕಾಲು ಸುತ್ತು ಸಡಿಲಿಸಿ ಉಸಿರು ಬಿಗಿಹಿಡಿದ. ಇನ್ನೊಂದಿಷ್ಟು ಸಡಿಲಿಸಿ, ತಂತಿಗೂ ಪಟ್ಟಿಗೂ ನಡುವೆ ಬಸ್ ಟಿಕೆಟ್ ತೂರುವಷ್ಟು ಸಂದು ಕಂಡಾಗ ಸಾಕೆಂದ. ಭಾವ ತಂತಿಗಳನ್ನು ಇಳಿಸಿದ. ಸುರುಳಿಯಕ್ಕ ಪಿಕಪ್ ತಗ್ಗಿಸುತ್ತಾ ಪ್ರತಿ ತಿರುವಿಗೂ ರೇಡಿಯೋಗೆ ಕಿವಿಯಿಟ್ಟಳು. ಒಬ್ಬರು ತಿರುಪಿದರೆ ಇನ್ನಿಬ್ಬರು ಕೇಳುವುದು. ಹಾಗೆಂದು ಯಾರೂ ಹೇಳಿರಲಿಲ್ಲ, ತಾನಾಗಿ ಬಂತು. ಎರಡೂವರೆಗೆ ಡಬ್ಬಣ್ಣ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದ.

ಸುರುಳಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಥೂ, ತಾಮ್ರದ ಧೂಳು,” ಎಂದಳು. ರಜೆಯ ದಿನ ತಾಮ್ರದ ಧೂಳು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಗಿಟಾರನ್ನು ಡಬ್ಬಣ್ಣ ಹೆಂಡತಿಯ ಕೌದಿಯಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಟ್ಟು ಕಟ್ಟಿದ. ಬಸ್ಸಿನಲ್ಲಿ ಅದರ ಮೇಲೆ ಒಬ್ಬ ಸ್ಥೂಲಕಾಯದವನು ಕೂತ. ಎಬ್ಬಿಸಿದರೆ, “ಸೀಟು ಮೆತ್ತಗಿತ್ತು!” ಎಂದು ಜಗಳಕ್ಕೇ ಬಂದ. ಇಳಿಯುವಾಗ ಡಬ್ಬ ಮೂರು ಮೆಟ್ಟಿಲು ಉರುಳಿತು. ಕಾರ್ಖಾನೆ ಗೇಟಿನಲ್ಲಿ ಕಾವಲುಗಾರ, ಒಳಗೇನಿದೆಯೆಂದು ಲಾಠಿಯಿಂದ ನಾಲ್ಕು ಬಾರಿಸಿದ. ಪ್ರತಿ ಏಟಿಗೂ ಡಬ್ಬಣ್ಣನ ಜೀವ ಒಂದೊಂದು ಸ್ವರ ಇಳಿಯಿತು.

ಕಿವಿ ಸಾಹೇಬ ಡಬ್ಬ ಬಿಚ್ಚಿಸಿ, ಗಿಟಾರ್ ತೆಗೆದು, ಹಾಗೆಯೇ ನುಡಿಸಿದ. ಹುಬ್ಬು ಏರಲಿಲ್ಲ. ಮೇಲಿಂದ ಕೆಳಗೆ ಪ್ರತಿ ಪಟ್ಟಿಯಲ್ಲೂ ನುಡಿಸಿದ. ಕಣ್ಣು ಮುಚ್ಚಿದ.

“ನೀನೊಬ್ಬನೇ ಮಾಡಿದ್ದಾ?”

ಹೌದೆನ್ನಲು ಬಾಯಿ ತೆರೆದ, ನಾಲಿಗೆ ಒಪ್ಪಲಿಲ್ಲ. “ಇಲ್ಲ ಸಾರ್. ವಠಾರದವರು ನಾಲ್ಕು ಜನ ಸೇರಿ.”

“ಹೇಳಿ ಮಾಡಿಸಿದ್ದು ಯಾರು?”

“ನಾನೇ ಸಾರ್.”

“ಅದೇ ಸೆಟಪ್ಪು. ಪಾಸು! ಕೂತ್ಕೋ.”

ಡಬ್ಬಣ್ಣ ಕೂತ. ಬೆನ್ನಿಗೆ ಬೆನ್ನು ಸಿಕ್ಕಿತು. ಯಾರೂ ನೋಡದಾಗ ಅರ್ಧ ಸುತ್ತು ಸುತ್ತಿದ. ಕಾಲಿನ ನರಗಳು ಹನ್ನೊಂದು ವರ್ಷದ ಮೇಲೆ ‘ಅಪ್ಪಾ’ ಎಂದವು. ಸಾಹೇಬ ವರ್ಗಾವಣೆಯ ಹಾಳೆಗೆ ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದ, ತಟ್ಟನೆ ನಿಲ್ಲಿಸಿದ.

“ಅಲ್ಲಯ್ಯ, ಹೇಗೆ ಬಂದೆ? ಕಾರಲ್ಲಾ?”

“ಬಸ್ಸಲ್ಲಿ ಸಾರ್,” ಎಂದ ಡಬ್ಬಣ್ಣ, ಹುರುಪಿನಿಂದ. “ಒಬ್ಬ ಮೇಲೆ ಕೂತ. ಮೂರು ಮೆಟ್ಟಿಲು ಉರುಳಿತು. ನಿಮ್ಮ ಗೇಟಿನವನು ಲಾಠೀಲಿ ಹೊಡೆದ.”

“ಆದ್ರೂ ಶ್ರುತಿ ಕೂದಲೆಳೆಯಷ್ಟೂ ಇಳಿದಿಲ್ಲ!” ಸಾಹೇಬ ಎದ್ದು ನಿಂತ. “ಪ್ಯಾಕ್ ಮಾಡಿದ್ದು ಯಾರು?”

“ನಾನೇ ಸಾರ್!”

ಸಾಹೇಬ ಹಾಳೆಯನ್ನು ಮೆಲ್ಲಗೆ ಎರಡಾಗಿ ಹರಿದ. “ಸೆಟಪ್ಪಿಗೆ ಯಾರನ್ನಾದ್ರೂ ಹುಡುಕ್ಕೋತೀನಿ. ಇಂಥಾ ಪ್ಯಾಕಿಂಗ್ ಕೈ ಬಿಟ್ಟುಕೊಟ್ರೆ ಕಂಪನಿ ಮುಳುಗತ್ತೆ. ಏಳು ಮಾರಾಯ, ನಿನ್ನ ಜಾಗ ಅಲ್ಲೇ!”

ಗೇಟಿನ ಹೊರಗೆ ಮೂವರೂ ಅವನ ನಂತರದ ಬಸ್ಸಿನಲ್ಲಿ ಬಂದು ಕಾಯುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಕತೆ ಕೇಳಿ ಭಾವ ಊದಿದ ಮೂಗಿನಲ್ಲೇ ಬುಸುಗುಟ್ಟಿದ. “ನಾಳೆಯಿಂದ ಕೆಟ್ಟದಾಗಿ ಪ್ಯಾಕ್ ಮಾಡು!”

“ಆಗಲ್ಲ ಭಾವ. ಕೈ ಕೇಳಲ್ಲ.”

“ಕೈಯನ್ಯಾಕೆ ಕೆಡಿಸ್ತೀರಿ?” ಎಂದಳು ಸುರುಳಿಯಕ್ಕ. “ಒಂದು ಕುರ್ಚಿಗೆ ಒಬ್ಬನೇ ಹೋದ, ಏಳಿಸಿದ್ರು. ಪ್ಯಾಕಿಂಗಲ್ಲಿರೋದು ಹದಿನಾಲ್ಕು ಜನ. ಹದಿನಾಲ್ಕು ಕುರ್ಚಿಗೆ ನಾವೆಲ್ಲ ಹೋಗೋಣ. ಕತ್ತು, ಸುರುಳಿ, ಬ್ರಿಡ್ಜು, ಎಲ್ಲ ವಿಭಾಗ. ಆಗ ಯಾರನ್ನ ಏಳಿಸ್ತಾರೆ ನೋಡ್ತೀನಿ.”

ಡಬ್ಬಣ್ಣ ಎತ್ತಿಕೊಂಡು ಬಂದಿದ್ದ ಹರಿದ ಹಾಳೆಯ ಹಿಂಬದಿ ಖಾಲಿಯಿತ್ತು. ಕತ್ತಿನಯ್ಯ ಬೆನ್ನು ಬಗ್ಗಿಸಿ ಮೇಜಾದ. ಹದಿನಾಲ್ಕು ಕುರ್ಚಿ ಬೇಕೆಂದು ಬರೆದ ಅರ್ಜಿಯ ಕೆಳಗೆ ನಾಲ್ಕು ಸಹಿ ಬಿದ್ದವು. ಹೆಸರಿನ ಮುಂದೆ ವಿಭಾಗ ಬರೆಯುವುದನ್ನು ಅಂದು ನಾಲ್ವರೂ ಮರೆತರು.

ಬಸ್ಸು ಬಂತು. ಒಂದೇ ಸೀಟು ಖಾಲಿಯಿತ್ತು. “ಕೂತ್ಕೋ ಡಬ್ಬ, ನಿಂದೇ ಸೀಟು,” ಎಂದರು ಮೂವರೂ. ಡಬ್ಬಣ್ಣ ಸೀಟಿನ ಕಡೆ ನೋಡಿದ, ಕಾಲಿನ ಕಡೆ ನೋಡಿದ, ನೂಕುತ್ತಿದ್ದ ಜನರ ಕಡೆ ನೋಡಿದ. ಆಮೇಲೆ ಗಿಟಾರನ್ನು ಸೀಟಿನಲ್ಲಿ ಕೂರಿಸಿ, ಕೌದಿ ಸರಿಮಾಡಿ, ಕಂಬಿ ಹಿಡಿದು ನಿಂತ.