ನಾಗಪುರದಲ್ಲೊಂದು ಕಡಲ ಕೋಟೆ

ಮಕ್ಕಳಿಗೆ ಸ್ವಲ್ಪ ಸಹಾಯ ಮಾಡುತ್ತೇನೆಂದು ಕೂರುವ ಅಪ್ಪಂದಿರನ್ನು ನಂಬಬಾರದು. ಐದು ನಿಮಿಷದಲ್ಲಿ ಮಗು ಪಕ್ಕಕ್ಕೆ, ಅಪ್ಪ ಕೆಸರಿಗೆ. ನಾಗಪುರದ ನಮ್ಮ ರೈಲ್ವೆ ಕಾಲೊನಿಯಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ, ಅದಕ್ಕೊಂದು ಸ್ಪರ್ಧೆಯೂ ಉಂಟು. ಎಲ್ಲರದೂ ಗುಡ್ಡದ ಮೇಲಿನ ಕೋಟೆಯೇ. ಈ ಸಲ ಮಗಳು ಅನು ಹೆಸರು ಕೊಟ್ಟದ್ದೇ ತಡ, ಕುಮಟಾ ಕಡೆಯವನಾದ ನನಗೆ ಎಲ್ಲಿಲ್ಲದ ಹುರುಪು ಬಂತು. "ನಾವು ಕಡಲ ಕೋಟೆ ಕಟ್ಟೋಣ!" ಎಂದು ಕೂಗಿಯೇಬಿಟ್ಟೆ.

"ನಾಗಪುರದಾಗ ಸಮುದ್ರ ಎಲ್ಲಿಂದ ತರ್ತೀರಿ?" ಎಂದಳು ಧಾರವಾಡದವಳಾದ ನನ್ನ ಹೆಂಡತಿ. ಅವಳ ಕಪಾಟಿನಿಂದಲೇ ತಂದೆ, ನೀಲಿ ಸೀರೆ. ಆಮೇಲೆ ನಡೆದ ಮಾತುಕತೆ ಇಲ್ಲಿ ಬೇಡ.

ನಮ್ಮೂರ ಹತ್ತಿರ ಕಡಲ ಕಡೆಗೊಂದು ಪಾಳುಕೋಟೆಯಿದೆ, ಅದೆಂದರೆ ನನಗೆ ಹುಚ್ಚು. ಕೆಂಪು ಚಿರೇಕಲ್ಲಿನ ಎರಡು ಸುತ್ತು ಗೋಡೆ, ಸುತ್ತ ಕಂದಕ, ಮೂಲೆಗೊಂದು ದುಂಡನೆಯ ಬುರುಜು, ಒಳಗೆ ಮೆಟ್ಟಿಲಿಳಿದು ಹೋಗುವ ಬಾವಿ! ಒಂದು ಕಾಲಕ್ಕೆ ಕಾಳುಮೆಣಸಿನ ಮೂಟೆಗಳು ಅಲ್ಲಿಂದಲೇ ಹಡಗು ಹತ್ತುತ್ತಿದ್ದವಂತೆ. ಈಗ ದನ ಮೇಯುತ್ತವೆ. ಕಡಲನ್ನೇ ಕಾಣದ ಈ ಊರಿನವರಿಗೆ ಅದನ್ನೊಮ್ಮೆ ಇದ್ದ ಹಾಗೇ ತೋರಿಸಬೇಕು, ಬಹುಮಾನಕ್ಕಿಂತ ನನಗೆ ಅದೇ ಆಸೆ. ಹಾಗಾಗಿ ಮುರಿದ ಗೋಡೆ ಮುರಿದಂತೆ, ಕುಸಿದ ಬುರುಜು ಕುಸಿದಂತೆಯೇ ಮಾಡಿದೆ. ಗೋಡೆ ಕಟ್ಟುವುದು ಸುಲಭ ಸ್ವಾಮಿ, ಅಂದವಾಗಿ ಬೀಳಿಸುವುದೇ ಕಷ್ಟ. ಒಂದು ಬಿರುಕಿಗಾಗಿ ಹಲ್ಲುಕಡ್ಡಿ ಹಿಡಿದು ಅರ್ಧ ಭಾನುವಾರ ಕಳೆದೆ. ಪಾಚಿಗಾಗಿ ನೀರಿನ ಟ್ಯಾಂಕಿಯ ಹಿಂಭಾಗವನ್ನೆಲ್ಲ ಕೆರೆದೆ. ತೀರ್ಪುಗಾರರು ಬರುವುದು ಸಂಜೆಗೆ ಎಂದು ಊಟ ಮುಗಿಸಿ ಪರಮ ತೃಪ್ತಿಯಿಂದ ಮಲಗಿದೆ.

ಎದ್ದು ಬಂದರೆ ಅಂಗಳದಲ್ಲಿ ಗದ್ದಲ. ಪಕ್ಕದ ಮನೆಯ ಮರಾಠಿ ಹೆಂಗಸು, ಕಾಲೊನಿಯ ಮಕ್ಕಳಿಗೆಲ್ಲ ಕಾಕೂ ಅಂದರೆ ಚಿಕ್ಕಮ್ಮ, ಮೊಣಕೈವರೆಗೆ ಕೆಸರು ಮಾಡಿಕೊಂಡು ನಿಂತಿದ್ದರು. "ಭಾವೂ, ಅಬ್ ಟೆನ್ಶನ್ ನಹೀ!" ಎಂದು ತಮ್ಮನಿಗೆ ಹೇಳುವಂತೆ ನನಗೆ ಧೈರ್ಯ ಹೇಳಿದರು. ನನ್ನ ಗೋಡೆಗಳು ನುಣ್ಣಗೆ, ಎತ್ತರಕ್ಕೆ ನಿಂತಿದ್ದವು. ಬುರುಜಿನ ಮೇಲೆ ನನ್ನದೇ ಹಲ್ಲುಕಡ್ಡಿಗೆ ಕಾಗದದ ಬಾವುಟ.

"ಕ್ವಾಟಿ ಬಿದ್ದೈತಿ ಅಂತ ಪಾಪ ಓಡಿ ಬಂದ್ರು, ಎಲ್ಲಾ ಬರೋಬರ್ ಮಾಡಿದ್ರು" ಎಂದಳು ಹೆಂಡತಿ.

"ಅದು ಬಿದ್ದದ್ದಲ್ಲ, ಬೀಳಿಸಿದ್ದು ಅಂತ ನೀನಾದರೂ ಹೇಳಬಾರದಿತ್ತೇ?"

"ಹೇಳಾಕ ಬಾಯಿ ತೆಗೆದಿದ್ದೆರಿ. ಅಷ್ಟರಾಗ ನನ್ನ ನೀಲಿ ಸೀರಿ ನೆನಪಾತು."

ತೀರ್ಪುಗಾರರು ಗೋಡೆಯ ಗಟ್ಟಿತನವನ್ನು ಬಾಯ್ತುಂಬ ಹೊಗಳಿ ಮೊದಲ ಬಹುಮಾನ ಕೊಟ್ಟರು. ಅನು ಕಾಕೂವನ್ನು ತಬ್ಬಿಕೊಂಡು ಕುಣಿದಳು. ನಾನೂ ಚಪ್ಪಾಳೆ ತಟ್ಟಿದೆ. ಕಾವಲಿನವನು ನಿದ್ದೆಹೋದರೆ ಕೋಟೆ ಬೀಳುತ್ತದೆಂದು ಶಾಲೆಯಲ್ಲಿ ಓದಿದ್ದೆ. ನನ್ನದು ಎದ್ದು ನಿಂತುಬಿಟ್ಟಿತು.