ಕಿವಿ ಮುಟ್ಟಿದವರಿಗೆ ಒಂದನೇ ಕ್ಲಾಸು

ಕೆಲಸವಿಲ್ಲದವನ ಕೊರಳಿಗೆ ಊರ ಕೆಲಸವೆಲ್ಲ ಬಂದು ಜೋತುಬೀಳುತ್ತದೆ. ನೌಕರಿ ಹುಡುಕಲೆಂದು ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಜೋಗೇಶ್ವರಿಯ ಚಾಳಿನಲ್ಲಿ ಅಕ್ಕ-ಭಾವನ ಒಂದೇ ಒಂದು ಖೋಲಿಯೊಳಗೆ ನಾನು ಬಿಡಾರ ಹೂಡಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ನಾನು ಹುಡುಕಿ ತೆಗೆದದ್ದು ಭಾವನ ಕಳೆದುಹೋದ ಒಂದು ಚಪ್ಪಲಿ ಮಾತ್ರ. ಅದನ್ನು ಕಳೆದವನೂ ನಾನೇ. ಹೀಗಿರುವಾಗ ಮುನಿಸಿಪಾಲಿಟಿ ಕನ್ನಡ ಶಾಲೆಯ ಮಾಸ್ತರರು ಬಂದು, "ಈ ಸಲ ಇಪ್ಪತ್ತು ಮಕ್ಕಳು ಸೇರದಿದ್ದರೆ ಒಂದನೇ ಕ್ಲಾಸಿಗೆ ಬೀಗ" ಎಂದು ಮುಖ ಸಣ್ಣದು ಮಾಡಿದರು. "ಇಪ್ಪತ್ತೇ ತಾನೆ ಮಾಸ್ತರೇ, ನನಗೆ ಬಿಡಿ" ಎಂದುಬಿಟ್ಟೆ. ಒಳಗೆ ಅಕ್ಕ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಅದರ ಅರ್ಥ ಆಮೇಲೆ ತಿಳಿಯಿತು.

ಹೋಟೆಲಿನವರ ಮಕ್ಕಳು, ಮಿಲ್ಲಿನವರ ಮಕ್ಕಳು ಅಂತ ಮನೆ ಮನೆಯ ಚಹಾ ಕುಡಿದು ಹತ್ತೊಂಬತ್ತು ತಲೆ ಕೂಡಿಸಿದೆ. ಇಪ್ಪತ್ತನೆಯದೇ ತಲೆನೋವು. ಚಾಳಿನ ಹಿಂದೆ ಬಿಲ್ಡಿಂಗ್ ಕಟ್ಟುವಲ್ಲಿ ಇಟ್ಟಿಗೆ ಹೊರುತ್ತಿದ್ದ ವಿಜಾಪುರದ ಯಲ್ಲವ್ವನ ಮಗಳು ಗಂಗಿ. ಅವಳ ಸೊಂಟದ ಮೇಲೆ ಯಾವಾಗಲೂ ಅವಳ ತಮ್ಮ ಭೀಮ್ಯಾ. ಒಂದೂವರೆ ವರ್ಷದ ಕೂಸಾದರೂ ಹೆಸರಿಗೆ ಚ್ಯುತಿ ತಂದಿರಲಿಲ್ಲ.

"ಅಕಿ ಸಾಲಿಗ್ ಹೋದ್ರ ಈ ಕೂಸನ್ ಯಾರ್ ಹಿಡೀತಾರೋ ಯಣ್ಣಾ? ನೀ ಹಿಡೀತಿಯೇನು?" ಎಂದಳು ಯಲ್ಲವ್ವ.

ಗಂಗಿ ನನ್ನನ್ನೇ ನೋಡುತ್ತಿದ್ದಳು. ಹುಡುಗಿಗೆ ಶಾಲೆಯೆಂದರೆ ಎಷ್ಟು ಆಸೆಯೆಂದರೆ, ಕಿಟಕಿಯ ಹೊರಗೆ ನಿಂತೇ ಅರ್ಧ ಮಗ್ಗಿ ಕಲಿತಿದ್ದಳು. "ಹಿಡಿಯುತ್ತೇನೆ, ಅದೇನು ಮಹಾ!" ಎಂದೆ. ನನ್ನ ಬಾಯಿಗೂ ಬುದ್ಧಿಗೂ ಹುಟ್ಟಿನಿಂದಲೇ ಮಾತುಕತೆಯಿಲ್ಲ.

ಇನ್ನು ವಯಸ್ಸಿನ ಪೀಕಲಾಟ. ಯಾರ ಹತ್ತಿರವೂ ಹುಟ್ಟಿದ ದಾಖಲೆಯಿಲ್ಲ. "ನಮ್ ಎಮ್ಮಿ ಎರಡ್ನೇ ಸಲ ಈದಾಗ ಹುಟ್ಟ್ಯಾಳ" ಎಂದಳು ಯಲ್ಲವ್ವ. ಎಮ್ಮೆಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ಅದಕ್ಕೇ ಮಾಸ್ತರರದು ಹಳೆಯ ಅಳತೆ: ಬಲಗೈಯನ್ನು ತಲೆಯ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ನಾನು ಬಿಡುತ್ತೇನೆಯೇ? ದಿನಾ ಸಂಜೆ ನಲ್ಲಿಯ ಹತ್ತಿರ ಇಪ್ಪತ್ತು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, "ಕಿವಿ!" ಎಂದು ಕೂಗಿ ತಾಲೀಮು ಶುರುಮಾಡಿದೆ. ನೀರಿಗೆ ನಿಂತ ಹೆಂಗಸರು ಬಕೆಟ್ ಬಿಟ್ಟು ನಕ್ಕರು. "ಇವ ಮಕ್ಕಳಿಗೆ ಎಂತ ಕಲಿಸುದು ಮಾರಾಯ್ರೆ, ಸರ್ಕಸ್ಸಾ?" ಎಂದ ಭಾವ. ಗಂಗಿಯ ಕೈ ಮಾತ್ರ ಕಿವಿಗೆ ಒಂದು ಬೆರಳು ಕಮ್ಮಿಯೇ.

ಸೇರಿಸುವ ದಿನ ಬಂತು. ಮಾಸ್ತರರು ಮೊದಲ ಹುಡುಗನಿಗೆ, "ನಿನ್ನ ಹೆಸರೇನಪ್ಪಾ?" ಎಂದರು. ಅವನು ಫಟ್ಟನೆ ಕಿವಿ ಹಿಡಿದ. "ಅಪ್ಪನ ಹೆಸರು?" ಕಿವಿ. ಅವನ ಹಿಂದಿದ್ದವರೆಲ್ಲ, ಕೇಳುವ ಮೊದಲೇ ಕಿವಿ! "ಏನಯ್ಯಾ, ಸೇರುವ ಮೊದಲೇ ಶಿಕ್ಷೆ ಕೊಟ್ಟು ಕರೆತಂದೆಯಾ?" ಎಂದು ಮಾಸ್ತರರು ನನ್ನತ್ತ ಕಣ್ಣು ಬಿಟ್ಟರು. ಹೆಸರು ಹೇಳುವುದನ್ನು ಕಲಿಸಲು ನಾನು ಮರೆತಿದ್ದೆ.

ಹೇಗೋ ಹತ್ತೊಂಬತ್ತು ಮಕ್ಕಳ ಹೆಸರು ಬರೆದದ್ದಾಯಿತು. ಕೊನೆಗೆ ಗಂಗಿ. ಅವಳೊಬ್ಬಳೇ ಊರು, ಹೆಸರು, ಅಪ್ಪನ ಹೆಸರು ಎಲ್ಲ ಗಿಣಿಯಂತೆ ಹೇಳಿದಳು. ತಮ್ಮನನ್ನು ಕೆಳಗಿಳಿಸಿ ಕೈ ಎತ್ತಿದಳು. ಎಳೆದಳು, ಜಗ್ಗಿದಳು. ಒಂದು ಬೆರಳು ಕಮ್ಮಿ.

"ಐದೇ ಇರಬೇಕು. ಮುಂದಿನ ವರ್ಷ ಬಾ ಮಗಾ" ಎಂದು ಮಾಸ್ತರರು ಪೆನ್ನು ಕೆಳಗಿಟ್ಟರು. ಆದರೆ ಅವಳಿಲ್ಲದೆ ಇಪ್ಪತ್ತಿಲ್ಲ, ಇಪ್ಪತ್ತಿಲ್ಲದೆ ಕ್ಲಾಸೇ ಇಲ್ಲ. ಅವರ ಮುಖವೂ ಬಾಡಿತ್ತು. ಗಂಗಿಯ ಕೈ ಇನ್ನೂ ತಲೆಯ ಮೇಲೇ ಇತ್ತು.

ಆಗ ಯಲ್ಲವ್ವ ಸೆರಗು ಬಿಗಿದು ಮುಂದೆ ಬಂದಳು. "ಐದ್ ವರ್ಸದ ಹುಡುಗಿ ಇವನ್ನ ದಿನಾ ಹೊತ್ತು ತಿರಗತಾಳೇನ್ರೀ ಮಾಸ್ತರ? ನೀವೊಂದೀಟು ಎತ್ತಿ ನೋಡ್ರಿ!" ಎಂದು ಭೀಮ್ಯಾನನ್ನು ಅವರ ಕೈಗೆ ಕೊಟ್ಟಳು. ಮಾಸ್ತರರು "ಅಯ್ಯಪ್ಪಾ!" ಎಂದು ಕುರ್ಚಿ ಹಿಡಿದರು. ಭೀಮ್ಯಾ ಅವರ ಕನ್ನಡಕ ಹಿಡಿದ.

"ಆರೇನು, ಏಳೇ ತುಂಬಿರಬೇಕು" ಎಂದು ಏದುಸಿರು ಬಿಡುತ್ತಾ ಮಾಸ್ತರರು ಗಂಗಿಯ ಹೆಸರು ಬರೆದರು. ಬರೆದವರೇ ಕೂಸನ್ನು ಯಾರಿಗೆ ಕೊಡಲೆಂದು ಸುತ್ತ ನೋಡಿದರು. ಮಕ್ಕಳೊಡನೆ ಬಂದಿದ್ದ ಚಾಳಿಗೆ ಚಾಳೇ ನನ್ನ ಕಡೆ ನೋಡಿತು.

ಅಂದಿನಿಂದ ದಿನಾ ಹನ್ನೊಂದರಿಂದ ಐದರವರೆಗೆ ಶಾಲೆಯ ಜಗಲಿಯ ಮೇಲೆ ನಾನು, ನನ್ನ ತೊಡೆಯ ಮೇಲೆ ಭೀಮ್ಯಾ. ಒಳಗೆ ಗಂಗಿ ನಮ್ಮಿಬ್ಬರಿಗೂ ಕೇಳುವಂತೆ ಮಗ್ಗಿ ಹೇಳುತ್ತಾಳೆ. ನನ್ನ ಇದ್ದಬದ್ದ ಶರ್ಟುಗಳೆಲ್ಲ ಒದ್ದೆ. ಇಂಟರ್‌ವ್ಯೂಗೆ ಕರೆ ಬಂದರೂ ಹೋಗುವುದಾದರೂ ಹೇಗೆ? "ಎಂತಾ ಮಾರಾಯ, ಕೊನೆಗೂ ಕೆಲಸ ಸಿಕ್ಕಿತಲ್ಲ!" ಎನ್ನುತ್ತಾನೆ ಭಾವ.

ನಿನ್ನೆ ಭೀಮ್ಯಾ ಒಳಗಿನ ಮಕ್ಕಳನ್ನು ನೋಡಿ ತಾನೂ ಕಿವಿಗೆಂದು ಕೈ ಎತ್ತಿದ. ನಾನು ಆಸೆಯಿಂದ ಬಗ್ಗಿ ನೋಡಿದೆ. ಆ ಗುಂಡು ಕೈ ನೆತ್ತಿಯವರೆಗೂ ಬರಲಿಲ್ಲ. ಬೆರಳು ಮಡಿಸಿ ಎಣಿಸಿದೆ: ಇನ್ನೂ ನಾಲ್ಕೂವರೆ ವರ್ಷ. ಮುಂಬಯಿಯಲ್ಲಿ ಇಷ್ಟು ಖಾಯಂ ನೌಕರಿ ನಮ್ಮೂರಿನವರಿಗೆ ಯಾರಿಗೂ ಸಿಕ್ಕಿಲ್ಲ.